ಮುಂಬಯಿಯ ಮುಖ ಪೂರ್ವಕ್ಕಿದೆ

ಹುಬ್ಬಳ್ಳಿಯ ವಿದ್ಯಾನಗರದಿಂದ ಮುಂಬಯಿಗೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ವಿದ್ಯಾನಗರದ ಹಾಸ್ಟೆಲ್ಲು, ಪಿಜಿ, ಬಾಡಿಗೆ ಖೋಲಿಗಳಲ್ಲಿರುವ ನಿಮ್ಮಲ್ಲಿ ಅನೇಕರು ಇಷ್ಟರಲ್ಲೇ ಮುಂಬಯಿ ಗಾಡಿ ಹತ್ತುವವರಿದ್ದೀರಿ. ಒಬ್ಬರಿಗೆ ಸಂದರ್ಶನ, ಒಬ್ಬರಿಗೆ ತರಬೇತಿ, ಇನ್ನೊಬ್ಬರಿಗೆ ವೀಸಾ ಕಚೇರಿಯ ಸರದಿ, ಮತ್ತೊಬ್ಬರಿಗೆ ಅಲ್ಲಿಂದ ದುಬೈಗೋ ಜರ್ಮನಿಗೋ ಹಾರುವ ವಿಮಾನ. ಚಹಾದಂಗಡಿಯ ಮುಂದೆ ನಿಂತು ನೀವು ಆಡಿಕೊಳ್ಳುವ ಮಾತು ನಮ್ಮಂಥ ಹಿರಿಯರ ಕಿವಿಗೂ ಬೀಳುತ್ತದೆ. ಹೋಗುವವರಲ್ಲಿ ಅರ್ಧ ಹಿಗ್ಗು, ಅರ್ಧ ಅಂಜಿಕೆ. ಹೋಗಿ ಬಂದವರದು ಬಹುತೇಕ ಒಂದೇ ವರದಿ: ಗೇಟ್‌ವೇ ನೋಡಿದೆವು, ಮರೀನ್ ಡ್ರೈವಿನಲ್ಲಿ ಕೂತೆವು, ಜುಹೂದಲ್ಲಿ ಪಾವ್ ಭಾಜಿ ತಿಂದೆವು, ಶಾರುಖ್ ಖಾನನ ಮನೆಯ ಮುಂದೆ ಫೋಟೋ ತೆಗೆಸಿಕೊಂಡೆವು. ಆದರೆ ಏನು ಗದ್ದಲ, ಏನು ಬೆವರು, ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಈ ಪತ್ರಕ್ಕೆ ಕಾರಣ ಆ ವರದಿಯೇ. ಅದರಲ್ಲಿ ಸುಳ್ಳಿಲ್ಲ. ಆದರೆ ಹೋಗಿ ಬಂದವರು ನೋಡಿದ್ದು ಊರಿನ ಬೆನ್ನು. ಮರೀನ್ ಡ್ರೈವ್, ಜುಹೂ, ಬಾಂದ್ರಾ ಎಲ್ಲವೂ ಪಶ್ಚಿಮದ ದಂಡೆ. ಅಲ್ಲಿ ಅರಬ್ಬೀ ಸಮುದ್ರ ಬಯಲು, ಮಳೆಗಾಲದಲ್ಲಿ ತೆರೆಗಳು ನೇರ ಬಂದು ಬಡಿಯುತ್ತವೆ, ಹಡಗು ನಿಲ್ಲುವ ಮಾತಿಲ್ಲ. ಮುಂಬಯಿಯ ನೆಲವೇ ಉದ್ದಕ್ಕೆ ಗೋಡೆಯಂತೆ ಅಡ್ಡ ಮಲಗಿದ್ದರಿಂದ ಅದರ ಪೂರ್ವಕ್ಕಿರುವ ನೀರು ಶಾಂತ ಮತ್ತು ಆಳ. ಹಡಗುಗಳು ನಿಂತದ್ದು ಅಲ್ಲಿ. ಧಕ್ಕೆ, ಗೋದಾಮು, ರೈಲು, ಬ್ಯಾಂಕು, ಗಿರಣಿ ಎಲ್ಲವೂ ಆ ನೀರನ್ನು ನಂಬಿ ಹುಟ್ಟಿದವು. ಗೇಟ್‌ವೇ ಇರುವುದೂ ಪೂರ್ವದ ದಂಡೆಯಲ್ಲೇ, ನಿಜ. ಕಮಾನಿನ ಫೋಟೋ ತೆಗೆದುಕೊಂಡು ತಿರುಗುವವರಿಗೆ ಅದರಾಚೆಯ ಬಂದರು ಕಾಣುವುದಿಲ್ಲ ಅಷ್ಟೇ.

ಮುಂಬಯಿ ಮೊದಲು ಬಂದರು, ಆಮೇಲೆ ಮಿಕ್ಕಿದ್ದೆಲ್ಲ. ಬಂದರಿನ ಕಸುಬು ದಾಟಿಸುವುದು. ಇಷ್ಟು ತಿಳಿದರೆ ಆ ಗದ್ದಲಕ್ಕೂ ಒಂದು ಅರ್ಥ ಬರುತ್ತದೆ. ಅಲ್ಲಿ ನಿಮ್ಮ ಮುಖ ನೋಡುತ್ತ ನಿಲ್ಲಲು ಯಾರಿಗೂ ಪುರಸೊತ್ತಿಲ್ಲ, ಎಲ್ಲರೂ ಏನನ್ನೋ ದಾಟಿಸುತ್ತಿದ್ದಾರೆ ಇಲ್ಲವೇ ತಾವೇ ದಾಟುತ್ತಿದ್ದಾರೆ. ಆ ದಾಟುವವರ ಸಾಲಿನಲ್ಲಿ ನಾವು ಹೊಸಬರೂ ಅಲ್ಲ. ನಮ್ಮ ಹತ್ತಿ ನಮಗಿಂತ ಮೊದಲು ಅಲ್ಲಿಗೆ ಹೋಗಿ ಬಂದಿದೆ.

ಅದರ ಕತೆ ಸ್ವಲ್ಪ ಕೇಳಿರಿ. ಹುಬ್ಬಳ್ಳಿಯ ಪಕ್ಕದ ಕುಸುಗಲ್ಲಿನ ಎರೆಹೊಲದಲ್ಲಿ 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜ ಬಿತ್ತಿಸಿತು. ಬೀಜ ಈ ಮಣ್ಣಿಗೆ ಒಗ್ಗಿತು. ಮುಂದೆ ಅದು ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ನಮ್ಮ ಜವಾರಿ ಹತ್ತಿ ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಕುಮಟೆಯಲ್ಲಿ ಎರೆಭೂಮಿ ಎಲ್ಲಿಂದ ಬರಬೇಕು? ಬೆಳೆದದ್ದು ಧಾರವಾಡ ಜಿಲ್ಲೆಯಲ್ಲಿ, ಹಡಗು ಹತ್ತಿದ್ದು ಕುಮಟೆಯಲ್ಲಿ. ಕೊಂಡವರಿಗೆ ಬಂದರು ಗೊತ್ತಿತ್ತು, ಬೆಳೆದವನು ಗೊತ್ತಿರಲಿಲ್ಲ.

ಆ ಹಾದಿ ಸುಲಭದ್ದಲ್ಲ. ನಮ್ಮಲ್ಲಿ ಹತ್ತಿ ಬಿಡಿಸುವುದು ಶಿವರಾತ್ರಿಯಿಂದ ಯುಗಾದಿಯ ಆಚೀಚೆ. ಅರಳೆ ಮಾಡಿ, ಅಂಡಿಗೆ ಕಟ್ಟಿ, ಗಾಡಿಗೆ ಹೇರಿ, ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ಇಳಿಸಿ ಮಳೆಗಾಲಕ್ಕೆ ಮೊದಲು ದಂಡೆ ಮುಟ್ಟಿಸಬೇಕು. ಜೂನ್ ಬಂತೆಂದರೆ ಕುಮಟೆಯಂಥ ತೆರೆದ ಕರಾವಳಿಯಲ್ಲಿ ಹಡಗಿನ ಓಡಾಟ ನಿಂತೇ ಹೋಗುತ್ತಿತ್ತು. ತಡವಾದ ಮಾಲು ನಾಲ್ಕು ತಿಂಗಳು ಗೋದಾಮಿನಲ್ಲಿ ನೆನೆಯುತ್ತ ಕೂರಬೇಕು. ದಂಡೆಯಿಂದ ಪತ್ತೇಮಾರಿ, ಮಚವೆಗಳಲ್ಲಿ ಮುಂಬಯಿಗೆ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಲಿವರ್‌ಪೂಲಿಗೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ದಕ್ಷಿಣದ ಬಂದರುಗಳು ಮುಚ್ಚಿದವು. ಲ್ಯಾಂಕಾಷೈರಿನ ಗಿರಣಿಗಳಿಗೆ ನಮ್ಮ ಹತ್ತಿ ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಲೆಕ್ಕವಿತ್ತು. ಬೆಳೆ ಧಾರವಾಡದ್ದು, ಬಂದರು ಕಾರವಾರದ್ದು, ಎರಡೂ ಒಂದೇ ಸರ್ಕಾರದ ಕೈಯಲ್ಲಿದ್ದರೆ ಮಾಲು ಬೇಗ ಹೊರಡುತ್ತದೆ. ಆ ನಾಲ್ಕು ವರ್ಷ ಮುಂಬಯಿಯಲ್ಲಿ ದುಡ್ಡಿನ ಹೊಳೆ ಹರಿಯಿತು. 1865ರಲ್ಲಿ ಯುದ್ಧ ಮುಗಿಯಿತು, ಭಾವ ಬಿತ್ತು, ಬ್ಯಾಂಕುಗಳು ಮುಳುಗಿದವು. ನೀವು ಫೋರ್ಟ್ ಭಾಗಕ್ಕೆ ಹೋದರೆ ವಿಶ್ವವಿದ್ಯಾಲಯದ ಆವರಣದಲ್ಲಿ ರಾಜಾಬಾಯಿ ಗೋಪುರ ಕಾಣುತ್ತದೆ. 1878ರಲ್ಲಿ ಮುಗಿದ ಆ ಗೋಪುರ ಹತ್ತಿಯ ಆ ಕಾಲದ ದೊಡ್ಡ ಕುಳ ಪ್ರೇಮಚಂದ ರಾಯಚಂದರ ದೇಣಿಗೆ, ಅವರ ತಾಯಿಯ ಹೆಸರಿನಲ್ಲಿದೆ. ಅದರ ನೆರಳಲ್ಲಿ ನಿಂತಾಗ ಕುಸುಗಲ್ಲಿನ ಹೊಲವನ್ನೂ ಒಮ್ಮೆ ನೆನೆಯಿರಿ.

ಆಮೇಲೆ ರೈಲು ಬಂತು. 1888ರಲ್ಲಿ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬಂದ ಹಳಿ ನಮ್ಮ ಹಳಿಗೆ ಕೂಡಿತು. ಕೆಲವೇ ವರ್ಷಗಳಲ್ಲಿ ಬೆಳಗಾವಿ, ಮಿರಜ, ಪುಣೆಯ ಮೇಲಿನ ದಾರಿಯೂ ತೆರೆಯಿತು. ಮೀಟರ್ ಗೇಜ್ ಇದ್ದ ಕಾಲದಲ್ಲಿ ಮೊದಲು ಪುಣೆಯಲ್ಲಿ, ಆಮೇಲೆ ಮಿರಜದಲ್ಲಿ ಇಳಿದು, ಹಾಸಿಗೆ ಸುರುಳಿ, ಟ್ರಂಕು, ಬುತ್ತಿಗಂಟು ಹೊತ್ತು ಆಚೆಯ ದೊಡ್ಡ ಗಾಡಿಗೆ ಓಡಬೇಕಿತ್ತು. ನಿಮ್ಮ ಅಜ್ಜ ಅಜ್ಜಿಯರಲ್ಲಿ ಯಾರಾದರೂ ಆ ಓಟ ಓಡಿದ್ದರೆ ಕೇಳಿರಿ, ಇಂದಿಗೂ ನಗುತ್ತ ಹೇಳುತ್ತಾರೆ.

ಮಾಲು ಮಾತ್ರವಲ್ಲ, ನಮ್ಮ ಕಾಗದಪತ್ರಗಳೂ ಅಲ್ಲಿಗೇ ಹೋಗುತ್ತಿದ್ದವು. 1956ರ ನವೆಂಬರ್ 1ರ ತನಕ ನಮ್ಮ ರಾಜಧಾನಿ ಮುಂಬಯಿ. ಹುಬ್ಬಳ್ಳಿಯ ಸರ್ ಸಿದ್ದಪ್ಪ ಕಂಬಳಿಯವರು ಮುಂಬಯಿ ಪ್ರಾಂತದ ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮುಂಚೆ ಕಾಲೇಜು ಕಲಿಯುವವರು ಪುಣೆಗೋ ಮುಂಬಯಿಗೋ ಹೋಗಲೇಬೇಕಿತ್ತು, ಆಮೇಲೂ ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯವೇ. ನಮ್ಮದೇ ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮೊದಲು ಬಾಗಿಲು ತೆರೆದದ್ದು ಮುಂಬಯಿಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ.

ಇಷ್ಟೆಲ್ಲ ಹೇಳಿದ್ದು ನೀವು ಎದೆಯುಬ್ಬಿಸಿ ಹೋಗಲಿ ಎಂದಲ್ಲ, ಅಂಜದೆ ಹೋಗಲಿ ಎಂದು. ಇನ್ನು ಹೋಗುವ ಬಗೆ.

ಹುಬ್ಬಳ್ಳಿ–ದಾದರ್ ಗಾಡಿಯಾಗಲಿ, ಚಾಲುಕ್ಯ, ಶರಾವತಿಯಾಗಲಿ, ದಾದರಿನಲ್ಲಿ ಕೊನೆಗೊಳ್ಳುತ್ತವೆ. ರಾತ್ರಿ ಬಸ್ಸು ಹಿಡಿದರೆ ಬೆಳಕು ಹರಿಯುವ ಹೊತ್ತಿಗೆ ಹೆದ್ದಾರಿ ಪಕ್ಕದ ಯಾವುದೋ ಸೇತುವೆಯ ಕೆಳಗೆ ಇಳಿಸಿಬಿಡುತ್ತಾರೆ, ಎಲ್ಲಿ ಇಳಿಯಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿರಿ. ಗಾಡಿಯಲ್ಲಿ ಎದುರು ಕೂತವರನ್ನು ಮಾತಾಡಿಸಿರಿ. ದೊಡ್ಡ ಎಕ್ಸ್‌ರೇ ಲಕೋಟೆ ಮಡಿಲಲ್ಲಿಟ್ಟುಕೊಂಡ ಕುಟುಂಬವೊಂದು ಇದ್ದೇ ಇರುತ್ತದೆ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ಹೊರಟವರು ಅವರು. ಇಳಿದುಕೊಳ್ಳಲು ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ ಎಂಬುದನ್ನು ಅವರು ಯಾರಿಂದಲೋ ಕೇಳಿ ತಿಳಿದಿರುತ್ತಾರೆ. ಅವರ ಬಳಿ ರೊಟ್ಟಿ, ಶೇಂಗಾಚಟ್ನಿ ಇರುತ್ತದೆ, ನಿಮಗೂ ಕೊಡುತ್ತಾರೆ. ತಿನ್ನಿರಿ. ಇಳಿಯುವಾಗ ಅವರ ಒಂದು ಚೀಲ ಹೊರಿರಿ. ಮುಂಬಯಿಯ ಮೊದಲ ಪಾಠ ಅಲ್ಲಿಗೆ ಮುಗಿಯಿತು.

ಎರಡನೆಯ ಪಾಠ ಲೋಕಲ್ ಗಾಡಿ. ಬೆಳಗಿನ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು, ಈ ಹೊತ್ತಿನಲ್ಲಿ ದೊಡ್ಡ ಸೂಟ್‌ಕೇಸು ಹಿಡಿದು ಲೋಕಲ್ ಹತ್ತಬೇಡಿರಿ, ಬೈಸಿಕೊಳ್ಳುತ್ತೀರಿ. ಫಸ್ಟ್ ಕ್ಲಾಸ್ ಡಬ್ಬಿಗೂ ಸಾದಾ ಡಬ್ಬಿಗೂ ಹೊರಗಿನಿಂದ ದೊಡ್ಡ ವ್ಯತ್ಯಾಸ ಕಾಣದು, ಗೋಡೆಯ ಮೇಲಿನ ಅಕ್ಷರ ಓದಿ ಹತ್ತಿರಿ, ಇಲ್ಲವಾದರೆ ದಂಡ. ಇಳಿಯುವ ಸ್ಟೇಷನ್ನಿಗೆ ಎರಡು ಸ್ಟೇಷನ್ ಮೊದಲೇ ಎದ್ದು ಬಾಗಿಲ ಕಡೆ ಸರಿಯಬೇಕು. ಮುಂದಿನವರನ್ನು ‘ಇಳಿಯುತ್ತೀರಾ’ ಎಂದು ಕೇಳಿರಿ. ಹೌದೆಂದರೆ ಅವರ ಬೆನ್ನಿಗೆ ನಿಂತರೆ ಸಾಕು, ಗುಂಪೇ ನಿಮ್ಮನ್ನು ಇಳಿಸುತ್ತದೆ. ಮುಖ ನೋಡದವರು ಅಂದಿರಲ್ಲ, ಅವರೇ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ತುದಿ ಬಿಟ್ಟುಕೊಡುತ್ತಾರೆ, ಓಡಿ ಬಂದವನ ಕೈ ಹಿಡಿದು ಒಳಗೆಳೆದುಕೊಳ್ಳುತ್ತಾರೆ.

ಕೆಲಸ ಮುಗಿದು ಅರ್ಧ ದಿನ ಉಳಿಯಿತೆಂದುಕೊಳ್ಳಿ. ನನ್ನ ಮುಖ್ಯ ಬಿನ್ನಹ ಈ ಅರ್ಧ ದಿನದ ಬಗ್ಗೆ. ಜುಹೂ ಬಿಡಿರಿ. ಪೂರ್ವದ ದಂಡೆಗುಂಟ ಓಡುವ ಹಾರ್ಬರ್ ಲೈನ್ ದಾದರಿಗೆ ಬರುವುದಿಲ್ಲ, ಆದ್ದರಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ಗೆ (ಸಿಎಸ್‌ಎಂಟಿ) ಹೋಗಿ ಅಲ್ಲಿಂದ ಹಾರ್ಬರ್ ಗಾಡಿ ಹತ್ತಿರಿ. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಇದೇ ದಾರಿಯಲ್ಲಿ, ಆಗ ವಿಟಿ ಎನ್ನಿಸಿಕೊಂಡಿದ್ದ ಸಿಎಸ್‌ಎಂಟಿಯಿಂದ ಕುರ್ಲಾಕ್ಕೆ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಕಾಟನ್ ಗ್ರೀನ್, ಶಿವಡಿ. ಪ್ರವಾಸಿ ಪುಸ್ತಕಗಳು ಇಲ್ಲಿ ಇಳಿಯಿರಿ ಎನ್ನುವುದು ಅಪರೂಪ.

ಡಾಕ್‌ಯಾರ್ಡ್ ರೋಡಿನಲ್ಲಿ ಇಳಿದರೆ ಒಂದು ಕಡೆ ಯುದ್ಧನೌಕೆ ಕಟ್ಟುವ ಮಜಗಾಂವ್ ಡಾಕ್, ಮುಂದೆ ಹೋದರೆ ಭಾವುಚಾ ಧಕ್ಕಾ. ಡಾಕುಗಳ ಒಳಗೆ ನಮ್ಮನ್ನು ಬಿಡುವುದಿಲ್ಲ, ಪಹರೆ ಇದೆ, ಮೊಬೈಲು ಜೇಬಿನಲ್ಲಿರಲಿ. ಧಕ್ಕೆ ಮಾತ್ರ ಎಲ್ಲರದು. ಮೀನಿನ ಬುಟ್ಟಿ, ಮಂಜುಗಡ್ಡೆ, ಡೀಸೆಲ್ ವಾಸನೆ, ರೇವಸ್, ಮೋರಾ ಕಡೆಗೆ ಹೊರಟ ಲಾಂಚುಗಳು. ಒಂದರಲ್ಲಿ ಟಿಕೇಟು ತೆಗೆಸಿ ಆಚೆ ದಂಡೆ ಮುಟ್ಟಿ ಬನ್ನಿರಿ. ಬಂದರು ಕಾಣುವುದು ನೀರಿನ ಮೇಲಿಂದಲೇ. ಸರದಿಗಾಗಿ ಲಂಗರು ಹಾಕಿ ನಿಂತ ಹಡಗುಗಳು, ಆಚೆ ದಡದಲ್ಲಿ 1989ರಲ್ಲಿ ಶುರುವಾದ ನ್ಹಾವಾ ಶೇವಾದ ಕ್ರೇನುಗಳು. ಕಂಟೇನರಿನ ವ್ಯಾಪಾರ ಹೆಚ್ಚಾಗಿ ಅತ್ತ ಹೋಗಿ, 1875ರ ಸಸೂನ್ ಡಾಕಿನಿಂದ ಮೊದಲುಗೊಂಡ ಈಚೆ ದಡದ ಹಳೆಯ ಡಾಕುಗಳಿಗೆ ವಯಸ್ಸಾಗಿದೆ. ಬಂದರುಗಳೂ ಜಾಗ ಬದಲಿಸುತ್ತವೆ. ರೈಲು ಬಂದ ಮೇಲೆ ಹತ್ತಿಯ ವ್ಯಾಪಾರ ಕಳೆದುಕೊಂಡ ಕುಮಟೆಯ ಪಾಡು ಬಲ್ಲವರಿಗೆ ಇದು ಹೊಸದಲ್ಲ.

ಇದೇ ನೀರಿನಂಚಿನಲ್ಲಿ 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಅದರ ಹೊಟ್ಟೆಯಲ್ಲಿ ಮದ್ದುಗುಂಡೂ ಇತ್ತು, ಹತ್ತಿಯ ಬೇಲುಗಳೂ ಇದ್ದವು. ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೂ ಸತ್ತರು. ದೇಶವೆಲ್ಲ ಏಪ್ರಿಲ್ 14ರಂದು ಅಗ್ನಿಶಾಮಕ ದಿನ ಆಚರಿಸುವುದು ಅವರ ನೆನಪಿಗೆ. ಬಂದರು ಎಂದರೆ ಬರೀ ಸಂಪತ್ತಲ್ಲ ಎಂಬುದನ್ನು ಮರೆಯಬಾರದೆಂದು ಇದನ್ನು ಹೇಳಿದೆ.

ಆಮೇಲೆ ಕಾಟನ್ ಗ್ರೀನ್. ಸ್ಟೇಷನ್ನಿನ ಎದುರಿಗೇ ಹಳೆಯ ಕಾಟನ್ ಎಕ್ಸ್‌ಚೇಂಜ್ ಕಟ್ಟಡ, ಸುತ್ತ ಗೋದಾಮುಗಳು. ಹುಬ್ಬಳ್ಳಿಯ ದಲಾಲಿ ಅಂಗಡಿಗಳಲ್ಲಿ ಮುಂಬಯಿ ಭಾವ ಏನು ಎಂದು ಕೇಳದೆ ಯಾರೂ ಅರಳೆಗೆ ದರ ಹೇಳುತ್ತಿರಲಿಲ್ಲ. ಆ ಭಾವ ಹುಟ್ಟುತ್ತಿದ್ದ ಜಾಗ ಇದು. ಬೆಳೆದವನ ವರ್ಷವಿಡೀ ದುಡಿಮೆಗೆ ಬೆಲೆ ಕಟ್ಟಿದ್ದು ಅವನು ಎಂದೂ ಕಾಣದ ಒಂದು ಕಟ್ಟಡದಲ್ಲಿ. ಅದನ್ನು ಕಣ್ಣಾರೆ ನೋಡಿದರೆ, ನಾಳೆ ನೀವು ಯಾವುದಾದರೂ ಕಂಪನಿಯಲ್ಲಿ ಕೂತು ದೂರದವರ ದುಡಿಮೆಗೆ ಬೆಲೆ ಕಟ್ಟುವಾಗ ಕೈ ಸ್ವಲ್ಪ ತಡೆದೀತು. ಅಲ್ಲಿಂದ ಲಾಲ್‌ಬಾಗ್ ದೂರವಿಲ್ಲ. ಅಲ್ಲಿನ ಮೆಣಸಿನಕಾಯಿ ಗಲ್ಲಿಯಲ್ಲಿ ಬ್ಯಾಡಗಿ, ಸಂಕೇಶ್ವರಿ ಎಂದು ಕೂಗುವುದು ಕೇಳಿದರೆ ನಿಮಗೆ ಗೊತ್ತಾಗುತ್ತದೆ, ಊರಿನ ಮಾಲು ಇಂದಿಗೂ ಬರುತ್ತಲೇ ಇದೆ. ಇನ್ನೊಂದು ಸ್ಟೇಷನ್ ಮುಂದೆ ಹೋದರೆ ಶಿವಡಿ. ಚಳಿಗಾಲದಲ್ಲಿ ಅಲ್ಲಿಯ ಕೆಸರಿನಲ್ಲಿ ರಾಜಹಂಸಗಳ ಹಿಂಡು. ಅವುಗಳ ಪಕ್ಕದಿಂದಲೇ 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರಿನ ಅಟಲ್ ಸೇತು ಹೊರಡುತ್ತದೆ.

ಸಂಜೆ ಊಟಕ್ಕೆ ಮಾಟುಂಗಾಕ್ಕೆ ಬನ್ನಿರಿ. ಸ್ಟೇಷನ್ನಿನ ಹತ್ತಿರ 1942ರಿಂದ ನಡೆದಿರುವ ರಾಮ ನಾಯಕರ ಉಡುಪಿ ಊಟದ ಮನೆ ಇದೆ. ಆದರೆ ಅನ್ನ ಸಾರು ಉಂಡು ಏಳುವ ಮೊದಲು ಒಂದು ಸಂಗತಿ ತಿಳಿದಿರಲಿ. ಕರಾವಳಿಯ ಹುಡುಗರು ಹೋಟೆಲುಗಳಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತು ಈ ಊರಿನಲ್ಲಿ ನಿಂತರು. ನಗರಪಾಲಿಕೆಯೂ ಕನ್ನಡ ಶಾಲೆ ನಡೆಸಿತು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಕಲೀನಾದ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ನಮ್ಮ ನಾಡು ಮುಂಬಯಿಯಿಂದ ಬೇರ್ಪಟ್ಟ ಮೇಲೂ ಅಲ್ಲಿ ಉಳಿದು ಕನ್ನಡದ ದೀಪಕ್ಕೆ ಎಣ್ಣೆ ಹಾಕಿದವರು ಅವರು. ನೀವು ಅಲ್ಲಿ ಕನ್ನಡದಲ್ಲಿ ಮಾತಾಡಿದರೆ ಅವರ ಮುಖ ಅರಳುತ್ತದೆ. ಹಾಗೆಂದು ಕನ್ನಡ ಮಾತಾಡಿದ ಮಾತ್ರಕ್ಕೆ ಪುಕ್ಕಟೆ ಉಪಕಾರ ಕೇಳಬೇಡಿರಿ. ಅವರಿಗೂ ನಾಳೆ ಬೆಳಗ್ಗೆ ಅಂಗಡಿ ತೆರೆಯಬೇಕು.

ಗಾಡಿಯಲ್ಲಿ ಓದಲು ಯಶವಂತ ಚಿತ್ತಾಲರ ‘ಶಿಕಾರಿ’ ಇರಲಿ, ಇಲ್ಲವೇ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಿರಲಿ. ಕಾಯ್ಕಿಣಿ ಓದಿದ್ದು ನಮ್ಮ ಧಾರವಾಡದಲ್ಲೇ, ಜೀವರಸಾಯನಶಾಸ್ತ್ರ. ಕೆಲಸಕ್ಕೆಂದು ಮುಂಬಯಿಗೆ ಹೋದರು, ಅಂದರೆ ಇಂದು ನೀವು ಹೊರಟಿರುವ ಹಾದಿಯಲ್ಲೇ. ನೌಕರಿ ಮಾಡುತ್ತಲೇ ಕಣ್ಣು ಬಿಟ್ಟುಕೊಂಡು ಲೋಕಲ್ಲಿನಲ್ಲಿ ಕೂತರೆ ಏನು ದಕ್ಕುತ್ತದೆ ಎಂಬುದಕ್ಕೆ ಅವರ ಕತೆಗಳೇ ಸಾಕ್ಷಿ.

ಕೊನೆಯ ಮಾತು ಮುಂಬಯಿಯದಲ್ಲ, ನಮ್ಮ ಓಣಿಯದು. ಹುಬ್ಬಳ್ಳಿಯನ್ನು ಛೋಟಾ ಮುಂಬೈ ಎಂದು ಕರೆಯುವುದು ಎಲ್ಲರಿಗೂ ಗೊತ್ತು. ವ್ಯಾಪಾರ ನೋಡಿ ಕೊಟ್ಟ ಹೆಸರು ಅದು. ನಾವೂ ಹಿಗ್ಗುತ್ತೇವೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದದ್ದೆಂದು ಹೊರಗಿನವರಿಗೆ ಹೇಳಿಕೊಳ್ಳುತ್ತೇವೆ. ಆದರೆ ಆ ಪ್ಲಾಟ್‌ಫಾರ್ಮಿನಲ್ಲಿ ಇಳಿದವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿದ್ದೇವೆಯೇ? ಅವರಲ್ಲಿ ಬಹಳ ಜನ ಬರುವುದು ನಿಮ್ಮ ಖೋಲಿಯಿಂದ ಕೂಗಳತೆಯಲ್ಲಿರುವ, ಎಲ್ಲರೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಗೆ. ಕೊಪ್ಪಳ, ಗದಗ, ಬಾಗಲಕೋಟೆ, ಹಾವೇರಿ ಕಡೆಯ ಹಳ್ಳಿಗಳಿಂದ ಅದೇ ಎಕ್ಸ್‌ರೇ ಲಕೋಟೆ, ಅದೇ ಬುತ್ತಿಗಂಟು ಹಿಡಿದು ಬರುತ್ತಾರೆ. ಅವರಿಗೆ ನಮ್ಮ ಊರೇ ದೊಡ್ಡ ಊರು. ರಸ್ತೆ ನಡುವಿನ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹೇಗೆ ಹೋಗಬೇಕು, ಯಾವ ಗೇಟಿನಿಂದ ಒಳಗೆ ಹೋಗಬೇಕು, ಚೀಟಿ ಮಾಡಿಸುವುದು ಎಲ್ಲಿ, ರಾತ್ರಿ ಮಲಗುವುದೆಲ್ಲಿ ಎಂದು ತಿಳಿಯದೆ ನಿಂತಿರುತ್ತಾರೆ. ‘ಇಲ್ಲಿ ಯಾರೂ ಮುಖ ನೋಡಂಗಿಲ್ಲ’ ಎಂದು ಅವರೂ ಊರಿಗೆ ಹೋಗಿ ಹೇಳುತ್ತಿರಬಹುದು. ನಮ್ಮ ಬಗ್ಗೆಯೇ.

ಮುಂಬಯಿಯಿಂದ ಕಲಿತು ಬರಬೇಕಾದದ್ದು ಇದನ್ನೇ. ಬಂದರಿನ ಊರು ಬಂದವರನ್ನು ಅಪ್ಪಿಕೊಳ್ಳುವುದಿಲ್ಲ, ಆದರೆ ಸರಿಯಾದ ಧಕ್ಕೆ ತೋರಿಸುತ್ತದೆ. ನೀವು ಅಲ್ಲಿಂದ ತರುವ ಫೋಟೋಗಳನ್ನು ನಾಲ್ಕು ದಿನ ನೋಡಿ ಮರೆಯುತ್ತೇವೆ. ದಾದರಿನಲ್ಲಿ ಯಾರೋ ಅಪರಿಚಿತರು ನಿಮಗೆ ತೋರಿಸಿದ ದಾರಿಯನ್ನು ನೀವು ವಿದ್ಯಾನಗರದಲ್ಲಿ ಇನ್ನೊಬ್ಬರಿಗೆ ತೋರಿಸಿದರೆ ಅದು ಉಳಿಯುತ್ತದೆ. ನಿಮ್ಮಲ್ಲಿ ವೈದ್ಯಕೀಯ ಓದುವವರಿದ್ದೀರಿ, ಇಂಜಿನಿಯರಿಂಗ್ ಓದುವವರಿದ್ದೀರಿ. ವಾರಕ್ಕೆ ಒಂದು ಸಂಜೆ ನಾಲ್ಕು ಜನ ಸೇರಿ ಆಸ್ಪತ್ರೆಯ ಗೇಟಿನ ಹತ್ತಿರ ನಿಂತು, ಕನ್ನಡ ಓದಲು ಬಾರದವರಿಗೆ ಫಲಕ ಓದಿ ಹೇಳಿದರೂ ಸಾಕು. ಅದಕ್ಕೆ ಸಂಘ ಬೇಡ, ಬ್ಯಾನರು ಬೇಡ, ಯಾರ ಅಪ್ಪಣೆಯೂ ಬೇಡ.

ಹೋಗಿ ಬರ್ರಿ. ಅಂಜಬ್ಯಾಡ್ರಿ. ಪೂರ್ವದ ದಂಡೆ ನೋಡಿ ಬರ್ರಿ. ಬಂದ ಮೇಲೆ, ಕಿಮ್ಸ್ ಎಲ್ಲೈತಿ ಎಂದು ಕೇಳಿದ ಮುದುಕಿಗೆ ಬೆರಳು ತೋರಿಸಿ ಸುಮ್ಮನಾಗದೆ ನಾಲ್ಕು ಹೆಜ್ಜೆ ಜೊತೆಗೆ ಹೋಗ್ರಿ. ಛೋಟಾ ಮುಂಬೈ ಅನ್ನಿಸಿಕೊಳ್ಳಲು ನಾವು ಕೊಡಬೇಕಾದ ಬೆಲೆ ಅಷ್ಟೇ.

ಇಂತಿ ನಿಮ್ಮ ಹಿತೈಷಿ,
ವಿದ್ಯಾನಗರದ ಒಬ್ಬ ಹಳೆಯ ನಿವಾಸಿ
ಹುಬ್ಬಳ್ಳಿ